ಸಿದ್ದಾಜಮ್ಮನ ಬೀಗ

"ಮನೆ ಬೇಕಾರೆ ತಕೊಳ್ಳಿ ಸಾ, ಆ ಉಗ್ರಾಣದ ಬೀಗ ಮಾತ್ರ ಮುಟ್ಬ್ಯಾಡಿ. ಅದ್ರ ಮ್ಯಾಲೆ ಕೊರ್ದಿರೋ ಎಸರ ಬಾಯ್ಬುಟ್ಟು ಕೂಗ್ಬ್ಯಾಡಿ," ಎಂದು ಎದುರುಮನೆಯ ಕೆಂಪಾಜಮ್ಮ ಕೈಮುಗಿದಾಗ ಬಸವಣ್ಣ ನಕ್ಕುಬಿಟ್ಟ.

ನಗದೇ ಏನು ಮಾಡಿಯಾನು! ಕೋರ್ಟಿನ ಆಜ್ಞೆ ಹಿಡಿದು ಹೋಗಿ ಮನೆ ಜಪ್ತಿ ಮಾಡುವ ಅಮೀನನಾಗಿ ಮೂವತ್ತೊಂದು ವರ್ಷ ಸವೆಸಿದವನು. ಜನ ಎದುರಿಗೇ ನೆಟಿಕೆ ಮುರಿದು, ಹಿಡಿಮಣ್ಣು ತೂರಿ, ನಿನ್ನ ಮನೆ ಹಾಳಾಗ ಎಂದು ಶಪಿಸಿದ್ದನ್ನು ಕೇಳಿ ಕೇಳಿ ಅವನ ಕಿವಿ ಜಡ್ಡುಗಟ್ಟಿತ್ತು. ಅಷ್ಟು ಶಾಪದಲ್ಲಿ ಒಂದಾದರೂ ತಗುಲಿದ್ದರೆ ತಾನು ಪೆನ್ಷನ್ ತಿನ್ನಲು ಉಳಿಯುತ್ತಿದ್ದೆನೇ ಎಂಬುದು ಅವನ ವಾದ.

ಮೈಸೂರಿನ ರಿಂಗ್ ರಸ್ತೆಯ ಸದ್ದಿಗೆ ಹೆಂಡತಿ ಸರ್ವಮಂಗಳಾಳ ಎದೆ ಡವಗುಟ್ಟುತ್ತಿತ್ತು. ಸದ್ದಿಲ್ಲದ ಜಾಗಕ್ಕೆ ಹೋಗಿ ಎಂದರು ಡಾಕ್ಟರು. ಊಟಿ, ಮಡಿಕೇರಿ ಸುತ್ತಿ ಬಂದರು. ಅಲ್ಲಿನ ಬೆಲೆ ಕೇಳಿ ಬಸವಣ್ಣನ ಎದೆಯೇ ಡವಗುಟ್ಟಿತು. ಕೊನೆಗೆ ಕೈಗೆಟುಕಿದ್ದು, ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವಾಗ ಸುತ್ತೂರು ದಾಟಿ ಒಳಕ್ಕೆ ತಿರುಗಿದರೆ ಸಿಗುವ ಮರಳೇಬೆಟ್ಟ. ನೆತ್ತಿಯ ಮೇಲೊಂದು ಪುಟ್ಟ ಊರು, ಒಂದು ಟೀ ಅಂಗಡಿ, ದಿನಕ್ಕೆರಡು ಬಸ್ಸು. ಕೆಳಗೆ ಕಪಿಲೆ. ಗಾಳಿ ತಂಪು, ಮನೆ ಅಗ್ಗ.

ಅಗ್ಗವೇಕೆಂದು ಕೆಂಪಾಜಮ್ಮನೇ ಹೇಳಿದಳು. ಆ ಮನೆಯಲ್ಲಿ ಸಿದ್ದಾಜಮ್ಮ ಎಂಬವಳಿದ್ದಳಂತೆ. ಯಾರ ಹೆಸರನ್ನು ಅವಳು ಮೂರು ಸಲ ಕೂಗುತ್ತಾಳೋ ಅವರು ನೆತ್ತರು ಕಾರಿ ಸಾಯುತ್ತಿದ್ದರಂತೆ. ಊರವರು ಮಂತ್ರವಾದಿಯನ್ನು ಕರೆಸಿ ಅವಳ ಬಾಯಿ ಕಟ್ಟಿಸಿದರು. ಹಿತ್ತಾಳೆ ಬೀಗದ ಮೇಲೆ ಅವಳ ಹೆಸರು ಕೊರೆದು, ಆ ಹೆಸರು ಹೇಳಿ ಉಗ್ರಾಣದ ಬಾಗಿಲಿಗೆ ಒತ್ತಿದ್ದೇ ತಡ, ಅವಳ ಮಾತು ನಿಂತಿತು. ಸಾಯುವವರೆಗೂ ಮೂಗಿಯಾಗಿಯೇ ಇದ್ದಳು.

"ಒಳ್ಳೇದೇ ಆಯ್ತು. ನಮ್ಮನೆಯವಳಿಗೂ ಅಂಥದ್ದೊಂದು ಬೀಗ ಬೇಕಿತ್ತು," ಎಂದು ಬಸವಣ್ಣ ಗೇಲಿ ಮಾಡಿದ. ಹಾಗೆ ಅಂದನೇ ಹೊರತು, ಸರ್ವಮಂಗಳಾಳ ಮಾತಿಲ್ಲದೆ ಅವನಿಗೆ ತುತ್ತು ಇಳಿಯುತ್ತಿರಲಿಲ್ಲ. ಬೆಳಗ್ಗೆ ಕಾಫಿಗೆ ಶುರುವಾದ ಆ ಮಾತು ದೀಪ ಆರಿಸಿದ ಮೇಲೂ ಹರಿಯುತ್ತಿತ್ತು. ಆ ಎದೆಯನ್ನೂ ಆ ಮಾತನ್ನೂ ಇನ್ನಷ್ಟು ವರ್ಷ ಉಳಿಸಿಕೊಳ್ಳಲೆಂದೇ ಅವನು ಈ ಬೆಟ್ಟ ಹತ್ತಿದ್ದ.

ಹಾಲುಕ್ಕಿಸುವ ದಿನ, ಮಟಮಟ ಮಧ್ಯಾಹ್ನ. ಗೂಡ್ಸ್ ಆಟೋದ ಕುಮಾರ ಅಂಗಳದಲ್ಲಿ ಬೀರು ಇಳಿಸುತ್ತಿದ್ದ. ಅಡುಗೆಮನೆಯಲ್ಲಿ ಸರ್ವಮಂಗಳಾ ಹಾಲಿಟ್ಟು, ಫೋನಿನ ಸ್ಪೀಕರ್ ಹಾಕಿಕೊಂಡು, ಮೊಮ್ಮಗಳೊಂದಿಗೆ ಕಾರು ಓಡಿಸಿಕೊಂಡು ಬರುತ್ತಿದ್ದ ಮಗಳು ಶಿವರಂಜನಿಗೆ ದಾರಿ ಹೇಳುತ್ತಿದ್ದಳು. ಬೀರು ಇಡಲು ಉಗ್ರಾಣ ಬೇಕು. ಬಸವಣ್ಣ ಸುತ್ತಿಗೆ ಹಿಡಿದು ಹೊರಟ.

ಬೀಗ ಹಾಳಾಗದಂತೆ ಒಂದೇ ಏಟಿಗೆ ಕೊಕ್ಕೆ ಬಿಡಿಸುವ ಕೈಚಳಕ ಅವನದು. ಆದರೆ ಅಮೀನರಲ್ಲಿ ಒಂದು ರೂಢಿಯಿತ್ತು. ಬೀಗಕ್ಕೆ ಕೈ ಹಾಕುವ ಮೊದಲು ಮನೆಯವರ ಹೆಸರನ್ನು ಬಾಗಿಲಲ್ಲಿ ನಿಂತು ಮೂರು ಸಲ ಕೂಗಬೇಕು. ಅರ್ಧ ತಮಾಷೆ, ಅರ್ಧ ಅಭ್ಯಾಸಬಲ. ಗಂಟಲು ಸರಿಮಾಡಿಕೊಂಡ.

"ಸಿದ್ದಾಜಮ್ಮಾ!"

ಸೂರಿನ ಗುಬ್ಬಿಗಳು ಗಪ್ಪಾದವು.

"ಸಿದ್ದಾಜಮ್ಮಾ!"

ಗಾಳಿ ನಿಂತಿತು.

"ಸಿದ್ದಾಜಮ್ಮಾ!"

"ಆಂ," ಎಂದಿತು ಒಳಗಿನಿಂದ.

ಮಾರ್ದನಿಯಿರಬೇಕು ಅಂದುಕೊಂಡು ಸುತ್ತಿಗೆ ಬೀಸಿದ. ಕೊಕ್ಕೆ ಬಿಟ್ಟುಕೊಂಡಿತು. ಬಾಗಿಲು ತೆರೆದರೆ ಕಿಟಕಿಯಿಲ್ಲದ ಕೋಣೆಯ ಗವ್ವೆನ್ನುವ ಕತ್ತಲು. ಕಮಟು ಹರಳೆಣ್ಣೆ, ಸುಟ್ಟ ಕೂದಲು, ಕೊಳೆತ ವೀಳ್ಯದೆಲೆಯ ವಾಸನೆ ಮುಖಕ್ಕೆ ರಾಚಿತು. ತಣ್ಣನೆಯ ಉಸಿರೊಂದು ಕಿವಿಯನ್ನು ಸವರಿಕೊಂಡು ಅಡುಗೆಮನೆಯತ್ತ ಹೋಯಿತು.

ಸರ್ವಮಂಗಳಾಳ ಮಾತು ಅರ್ಧಕ್ಕೇ ನಿಂತಿತು.

"ಮಂಗಳಾ?"

ಹಾಲು ಉಕ್ಕಿ ಸೀದ ನಾತ. ಬೀಗ ಹಿಡಿದುಕೊಂಡೇ ಓಡಿದ. ಅವಳು ಒಲೆಯ ಮುಂದೆ ನೆಟ್ಟಗೆ ನಿಂತಿದ್ದಳು. ಬಾಯಿ ತೆರೆದಿತ್ತು. ಅದರಿಂದ ಬಂದದ್ದು ಒಣಗಿದ ಮುದಿ ದನಿ.

"ಕುಮಾರಾ. ಕುಮಾರಾ. ಕುಮಾರಾ."

ಅಂಗಳದಲ್ಲಿ ಬೀರು ಧೊಪ್ಪನೆ ಬಿತ್ತು. ಬಸವಣ್ಣ ಬಾಗಿಲಿನಿಂದ ಇಣುಕಿದ. ಕುಮಾರ ಅಂಗಾತ ಬಿದ್ದಿದ್ದ. ಬಾಯಿಂದ ಕಪ್ಪು ನೆತ್ತರು ಕೆನ್ನೆಗಿಳಿದಿತ್ತು. ಉಸಿರಿರಲಿಲ್ಲ.

ಓಡಿ ಬಂದ ಕೆಂಪಾಜಮ್ಮ ಹೊಸ್ತಿಲಾಚೆಯೇ ನಿಂತು ಚೀರಿದಳು. "ಕೈಲಿರೋ ಬೀಗ ಒತ್ತಿ ಸಾ! ಈಗದು ಯಾರ ಬಾಯೊಳಗದ್ಯೋ ಅವ್ರ ಎಸರ ಯೋಳಿ ಒತ್ತಿ!"

"ಅವಳು? ಅವಳ ಮಾತು?"

ಕೆಂಪಾಜಮ್ಮ ತಲೆ ತಗ್ಗಿಸಿದಳು. "ಅದ್ರ ಜೊತ್ಗೇ ಓಯ್ತದೆ."

ಫೋನಿನಲ್ಲಿ ಮಗಳ ದನಿ. "ಅಮ್ಮಾ? ಬೆಟ್ಟ ಹತ್ತುತಾ ಇದೀವಿ. ಎಡಕ್ಕಾ, ಬಲಕ್ಕಾ?"

ಸರ್ವಮಂಗಳಾಳ ತಲೆ ಮೆಲ್ಲನೆ ಫೋನಿನತ್ತ ತಿರುಗಿತು.

"ಶಿವರಂಜನೀ."

"ಏನಮ್ಮಾ? ಯಾಕೆ ಹಂಗೆ ಕರೀತಿದೀಯಾ?" ಕೆಮ್ಮು. "ಗಂಟಲು ಹಿಡ್ಕೊಳ್ತಿದೆ..."

ಬಸವಣ್ಣ ಹಾರಿ ಹೆಂಡತಿಯ ಬಾಯಿ ಮುಚ್ಚಿದ. ಕಚ್ಚಿದಳು. ಅಂಗೈ ಹರಿಯಿತು. ನೆತ್ತರು. ನೋವು.

"ಶಿವರಂಜನೀ."

ಎರಡು. ಫೋನಿನಲ್ಲಿ ಕರ್ಕಶ ಬ್ರೇಕು. ಮೊಮ್ಮಗಳ ಕಿರುಚಾಟ. ಮಗಳ ಗೊರಗೊರ ಉಸಿರು. ಬಸವಣ್ಣ ಕೊಕ್ಕೆಯನ್ನು ಬೀಗದ ತೂತಿಗೆ ತಾಗಿಸಿದ. ನೆತ್ತರಿಗೆ ಕೊಕ್ಕೆ ಜಾರಿತು. ಮತ್ತೆ ತಾಗಿಸಿದ.

"ಸರ್ವಮಂಗಳಾ," ಎಂದ.

"ರೀ..."

ಅವಳದೇ ದನಿ. ಅದೇ ಮಮತೆ, ಅದೇ ಎಳೆತ. "ನಾನು ಕಣ್ರೀ. ಒತ್ಬೇಡಿ. ನಿಮ್ ದಮ್ಮಯ್ಯ, ನನ್ ಮಾತು ಕಿತ್ಕೋಬೇಡಿ."

"ನಂಬಬ್ಯಾಡಿ ಸಾ! ಅದು ಅಂಗೇ ಬೇಡ್ಕೊಳೋದು!"

ಅವಳ ತುಟಿ ಮತ್ತೆ ಬಿಚ್ಚಿತು. ಮುಂದೆ ಯಾವ ಮಾತು ಬರುತ್ತದೋ ಕೇಳುವ ಧೈರ್ಯ ಬಸವಣ್ಣನಿಗೆ ಇರಲಿಲ್ಲ. ಒತ್ತಿಬಿಟ್ಟ.

ಕಟ್ ಎಂದಿತು ಬೀಗ.

ಸರ್ವಮಂಗಳಾ ಕುಸಿದು ಕುಳಿತಳು. ಬಾಯಿ ಆಡಿತು, ದನಿ ಬರಲಿಲ್ಲ. ಗಂಟಲು ಹಿಡಿದುಕೊಂಡು ಮತ್ತೆ ಮತ್ತೆ ಬಾಯಿ ಆಡಿಸಿದಳು. ಅವನನ್ನು ನೋಡುತ್ತಿದ್ದ ಕಣ್ಣು ಅವಳದೇ ಆಗಿತ್ತು. ಬೇಡಿಕೊಂಡವಳೂ ಅವಳೇ ಎಂಬುದು ಆ ಕಣ್ಣು ನೋಡಿದೊಡನೆ ಅವನಿಗೆ ಗೊತ್ತಾಯಿತು.

ಫೋನಿನಲ್ಲಿ ಮಗಳು ಉಸಿರೆಳೆದುಕೊಂಡಳು. "ಅಪ್ಪಾ, ಕಾರು ನಿಲ್ಸಿದೀನಿ. ಈಗ ಪರವಾಗಿಲ್ಲ, ಸರಿಹೋಯ್ತು. ಸ್ವಲ್ಪ ಅಮ್ಮಂಗೆ ಕೊಡಿ, ಮಾತಾಡ್ಬೇಕು."