ಪಟ್ಟಿಯಲ್ಲಿದ್ದ ಹನ್ನೆರಡು ಹಾಡುಗಳು

"ನಾನು ಸಹಿ ಹಾಕಲ್ಲ ಸರ್," ಎನ್ನುತ್ತಲೇ ಧಾರಿಣಿ ಒಳಗೆ ಬಂದಳು. ಕೈಯಲ್ಲೊಂದು ಹಾಳೆ ಇತ್ತು.

ಅದು 2006ರ ಅಕ್ಟೋಬರ್. ನೋಯ್ಡಾದ ನಮ್ಮ ಸೊಸೈಟಿಯಲ್ಲಿ ಏನು ಕಳೆದುಹೋದರೂ ಜನ ಬರುತ್ತಿದ್ದುದು ದಕ್ಷಿಣಾಮೂರ್ತಿಯ ಮನೆಗೆ. ಮೂವತ್ತು ವರ್ಷ ಸರ್ಕಾರಿ ದಾಖಲೆ ಕೋಣೆಯಲ್ಲಿ ಕಡತ ಹುಡುಕಿದವನು ಅವನು. ಪಕ್ಕದ ಮನೆಯ ಬಸಪ್ಪ, ಅಂದರೆ ನಾನು, ಅವನ ಕಾಫಿಗೂ ಪತ್ತೇದಾರಿಕೆಗೂ ಕಾಯಂ ಪಾಲುದಾರ.

ಧಾರಿಣಿ ಸಚಿವಾಲಯವೊಂದರಲ್ಲಿ ಸ್ಟೆನೋ. ನಮ್ಮ ಕನ್ನಡ ಕೂಟದ ಕಂಪ್ಯೂಟರ್ ಅವಳ ಉಸ್ತುವಾರಿ. ರಾಜ್ಯೋತ್ಸವದ ನೃತ್ಯಕ್ಕೆ ಹೆಂಗಸರೇ ಹಾಡಿದ ಹನ್ನೆರಡು ಹಾಡುಗಳನ್ನು ಅದರಲ್ಲಿ ತುಂಬಿ, ಪ್ಲೇಲಿಸ್ಟ್ ಮಾಡಿಟ್ಟಿದ್ದಳು. ಗುರುವಾರದ ತಾಲೀಮಿನಲ್ಲಿ ಹೆಸರುಗಳೆಲ್ಲ ಪರದೆಯ ಮೇಲಿದ್ದವು, ಹಾಡು ಒಂದೂ ಬರಲಿಲ್ಲ. ಅವಳೇ ಅಳಿಸಿದ್ದಾಳೆ ಎಂದರು ಕಾರ್ಯದರ್ಶಿ ಗುರುರಾಜರು. ಅವಳ ಹೆಸರಿನಲ್ಲಿ ಕ್ಷಮಾಪಣೆ ಪತ್ರವನ್ನೂ ಸ್ವಹಸ್ತದಿಂದ ಬರೆದುಕೊಟ್ಟರು. ಭಾನುವಾರದೊಳಗೆ ಸಹಿ ಮಾಡದಿದ್ದರೆ ಅವಳು ಕೂಟದಿಂದ ಹೊರಗೆ.

"ಮಾಡದ ತಪ್ಪಿಗೆ ತಲೆ ಬಗ್ಗಿಸಲ್ಲ. ತೆಗೀತಾರಾ, ತೆಗೀಲಿ," ಎಂದಳು. ನನಗೂ ಮೈ ಉರಿಯಿತು.

ದಕ್ಷಿಣಾಮೂರ್ತಿ ಹಾಳೆಯನ್ನು ಮೇಲಿನ 'ಶ್ರೀ'ಯಿಂದ ಕೊನೆಯ ಸಾಲಿನವರೆಗೆ ಓದಿದ. "ಕಂಪ್ಯೂಟರ್ ಇರೋ ಕೋಣೆ ಕೀಲಿ ಯಾರ ಹತ್ರ ಇದೆ?"

"ನನ್ನ ಹತ್ರ, ಗುರುರಾಜ್ ಸರ್ ಹತ್ರ, ಖಜಾಂಚಿ ಚಂದ್ರಕಾಂತ್ ಅಂಕಲ್ ಹತ್ರ. ಮಂಗಳವಾರ ಸಂಜೆ ಎಲ್ಲ ಹಾಡೂ ಬಂತು ಸರ್. ಬುಧವಾರ ಇಡೀ ದಿನ ನಾನು ಆಫೀಸಲ್ಲಿದ್ದೆ."

ಮೂವರೂ ಕೂಟದ ಕೋಣೆಗೆ ಹೋದೆವು. ಮೇಜಿನ ಮೇಲೆ ಚಂದ್ರಕಾಂತನ ರಸೀದಿ ಪುಸ್ತಕವಿತ್ತು, ಪ್ರತಿ ಹಾಳೆಯ ತಲೆಗೂ 'ಓಂ'. ದಕ್ಷಿಣಾಮೂರ್ತಿ ಒಂದು ಹಾಡಿನ ಹೆಸರು ಕೊಟ್ಟು ಕಂಪ್ಯೂಟರಿನಲ್ಲಿ ಹುಡುಕಿಸಿದ. ಹನ್ನೆರಡೂ 'ಶ್ರೀ ರಾಜ್ಯೋತ್ಸವ' ಎಂಬ ಹೊಸ ಫೋಲ್ಡರಿನಲ್ಲಿ ಸುಖವಾಗಿದ್ದವು.

"ಇದು ನಾನು ಮಾಡಿದ ಫೋಲ್ಡರ್ ಅಲ್ಲ," ಎಂದಳು ಧಾರಿಣಿ.

"ಗೊತ್ತು," ಎಂದ ಅವನು.

ಭಾನುವಾರ ಕೂಟದವರೆಲ್ಲ ಸೇರಿದರು. ದಕ್ಷಿಣಾಮೂರ್ತಿ ಎದ್ದು ನಿಂತ.

"ಪ್ಲೇಲಿಸ್ಟಲ್ಲಿ ಹಾಡು ಇರಲ್ಲ, ಹಾಡು ಎಲ್ಲಿದೆ ಅನ್ನೋ ವಿಳಾಸ ಇರುತ್ತೆ. ಕಡತವನ್ನ ಬೇರೆ ಕಪಾಟಿಗೆ ಸರಿಸಿ ರಿಜಿಸ್ಟರ್ ತಿದ್ದದೆ ಇದ್ರೆ ಏನಾಗುತ್ತೋ ಇಲ್ಲೂ ಅದೇ ಆಗಿದೆ. ಯಾರೂ ಏನೂ ಅಳಿಸಿಲ್ಲ. ಹೊಸ ಫೋಲ್ಡರ್ ಹುಟ್ಟಿದ್ದು ಬುಧವಾರ ಬೆಳಿಗ್ಗೆ ಹನ್ನೊಂದಕ್ಕೆ ಅಂತ ಕಂಪ್ಯೂಟರೇ ತೋರಿಸುತ್ತೆ. ಆಗ ಧಾರಿಣಿ ದೆಹಲಿಯ ಆಫೀಸಲ್ಲಿದ್ಲು, ಹಾಜರಿ ಪುಸ್ತಕ ನೋಡಿ ಬಂದಿದೀನಿ. ಉಳಿದ ಕೀಲಿ ಎರಡು. ಚಂದ್ರಕಾಂತ ಏನೇ ಬರೆದರೂ ಮೊದಲು ಓಂ ಹಾಕ್ತಾನೆ. ಶ್ರೀ ಹಾಕದೆ ಕೈ ಮುಂದೆ ಹೋಗದವರು ಒಬ್ಬರೇ." ಕ್ಷಮಾಪಣೆ ಪತ್ರವನ್ನು ಎತ್ತಿ ತೋರಿಸಿದ.

ಗುರುರಾಜರು ಕನ್ನಡಕ ಒರೆಸಿಕೊಂಡರು. "ಚೊಕ್ಕವಾಗಿ ಜೋಡಿಸಿಡೋಣ ಅಂತ ಸರಿಸಿದೆ. ಪಟ್ಟಿಯಲ್ಲಿ ಹೆಸರಿತ್ತಲ್ಲ, ಹಾಡೂ ಬರುತ್ತೆ ಅಂದ್ಕೊಂಡೆ."

"ಬರದೆ ಇದ್ದಾಗ ಹೇಳಬಹುದಿತ್ತಲ್ಲ?" ಎಂದ ಚಂದ್ರಕಾಂತ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಮನುಷ್ಯ ಏನು ತಾನೆ ಹೇಳಿಯಾನು?

ಧಾರಿಣಿ ಆ ಹಾಳೆ ತೆಗೆದುಕೊಂಡು, ತನ್ನ ಹೆಸರು ಹೊಡೆದು ಅವರ ಹೆಸರು ಬರೆದು ಮುಂದಿಟ್ಟಳು.

"ಶ್ರೀ ಆಗಲೇ ಹಾಕಿದೀರಿ ಸರ್. ಸಹಿ ಒಂದೇ ಬಾಕಿ."

ಅವರು ಸಹಿ ಮಾಡುವವರೆಗೂ ಪೆನ್ನು ಚಾಚಿದ ಕೈಯನ್ನು ಅವಳು ಇಳಿಸಲಿಲ್ಲ.