ಉಲ್ಟಾ ತಿರುಗುವ ನಟ್ಟು

ಸಿಯೆನ್‌ಫುಯೆಗೋಸ್‌ನಲ್ಲಿ ಹಳೇ ಕಾರುಗಳ ರಿಪೇರಿಯೇ ನನ್ನ ಕಸುಬು. ಗೆಳೆಯ ಎವೆಲಿಯೊ ತನ್ನ ಕಾರನ್ನು ತಾನೇ ಬಿಚ್ಚುತ್ತಿದ್ದ, ಎರಡು ನಟ್ಟು ಬಾಯಲ್ಲಿಟ್ಟುಕೊಂಡೇ ಮಾತಾಡುತ್ತಿದ್ದ. ಅವನು ಸತ್ತ ತಿಂಗಳಿಗೆ ಅವನ ಹೆಂಡತಿ ಎನೈದಾ ಆ ಕಾರನ್ನು ಮೂರನೇ ಸಲ ನನ್ನ ಶೆಡ್ಡಿಗೆ ತಂದಳು.

“ಎಡಗಡೆ ಚಕ್ರ ಮತ್ತೆ ಅಲ್ಲಾಡ್ತಿದೆ, ರಿಗೋ. ನಾಳೆ ಇದ್ರಲ್ಲಿ ಮದುವೆ ಹೆಣ್ಣನ್ನ ಕೂರಿಸ್ಕೊಂಡು ಹೋಗ್ಬೇಕು. ಅದೇನ್ ಬಿಗಿ ಮಾಡ್ತೀಯೋ ಮಾರಾಯ!”

ಐದೂ ನಟ್ಟು ಸಡಿಲವಾಗಿದ್ದವು. ಈ ಕಾರಿನ ಎಡಗಡೆಯ ನಟ್ಟುಗಳು ಉಲ್ಟಾ ತಿರುಗುತ್ತವೆ. ಗೊತ್ತಿಲ್ಲದವರು ಬಿಚ್ಚಲು ಹೋದರೆ ಇನ್ನೂ ಬಿಗಿಯಾಗುತ್ತವೆ.

“ನಿನ್ನ ಮೈದುನನ ಕಿತಾಪತಿ,” ಎಂದೆ.

“ಅವನಿಗೆ ರಮ್ ಬಾಟ್ಲಿ ಬಿಟ್ರೆ ಏನೂ ಬಿಚ್ಚೋಕೆ ಬರಲ್ಲ. ಉಲ್ಟಾ ಅಂತ ಗೊತ್ತಿದ್ದಿದ್ದು ನನ್ನ ಗಂಡಂಗೆ, ನಿಂಗೆ. ಅವರು ಮಣ್ಣಲ್ಲಿದ್ದಾರೆ.”

ಅವಳು ನನ್ನನ್ನೇ ನೋಡುತ್ತಿದ್ದಳು.

ಅವಳೆದುರಿಗೇ ಸ್ಪಾನರಿನ ಮೇಲೆ ಹತ್ತಿ ನಿಂತು ಬಿಗಿದೆ, ಮೇಲೆ ಚಕ್ರದ ಮುಚ್ಚಳ ಕೂರಿಸಿದೆ. ಶೆಡ್ಡಿಗೆ ಬೀಗ ಹಾಕಿ, ಇಬ್ಬರೂ ಬಾಗಿಲಲ್ಲೇ ಕೂತು ಕಾಫಿ ಕುಡಿದೆವು. ಒಳಗೆ ಒಮ್ಮೆ ತಗಡಿನ ಸದ್ದಾಯಿತು.

ಬೀಗ ತೆಗೆದೆ. ಚಕ್ರದ ತಗಡಿನ ಮುಚ್ಚಳ ನೆಲದ ಮೇಲೆ ಅಂಗಾತ ಬಿದ್ದಿತ್ತು. ಅದರೊಳಗೆ ಐದೂ ನಟ್ಟು ಇದ್ದವು.

ಒಂದೊಂದಾಗಿ ಎತ್ತಿ ನೋಡಿದೆ. ಮೂರು ಒಣಗಿದ್ದವು. ಎರಡು ಒದ್ದೆಯಾಗಿದ್ದವು, ಇನ್ನೂ ಬೆಚ್ಚಗಿದ್ದವು.