ಮೊದಲ ಓದಿನ ಸರದಿ

“ನೀವೇನಾ ಬೀಗದವರು?”

ಕೀಲಿ ಕೊರೆಯುವ ಯಂತ್ರದ ಕಿರ್ರೆನ್ನುವ ಸದ್ದಿನಲ್ಲಿ ಪ್ರಶ್ನೆ ಅರ್ಧ ಮುಳುಗಿಹೋಯಿತು. ಅಂಗಡಿಯೆಂದರೆ ಎರಡು ಗೋಡೆಗಳ ನಡುವಿನ ಒಂದು ಸಂದು. ಗೋಡೆಯ ತುಂಬ ಮೊಳೆ, ಮೊಳೆಯ ತುಂಬ ಕೀಲಿಗಳು. ಒಳಗಿದ್ದವನು ಯಂತ್ರ ನಿಲ್ಲಿಸಿ, ಕನ್ನಡಕವನ್ನು ಹಣೆಗೇರಿಸಿ ತಲೆಯೆತ್ತಿದ.

“ಹೌದು. ಕೀ ಕಳೆದಿದೆಯಾ, ಒಳಗೇ ಮುರಿದಿದೆಯಾ? ಯಾವ ಬೀಗ?”

“ಅಂಗಳದ ಬೀಗ.”

ಅವನ ಕೈಯಲ್ಲಿದ್ದ, ಕೀಲಿ ಉಜ್ಜುವ ಅರ ಹಾಗೇ ನಿಂತಿತು.

ಅಂಗಳ ಎಂದರೆ ಮನೆಯ ಮುಂದಿನದಲ್ಲ. ಬರೆಯುವ ಹಂಬಲವಿದ್ದವರು ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಬಂದು ಸೇರುವ ಒಂದು ಜಾಗ. ಒಬ್ಬ ಮೇಷ್ಟ್ರು ಅದನ್ನು ಕಟ್ಟಿ, ತಮ್ಮ ಪಿಂಚಣಿಯಲ್ಲೇ ಹನ್ನೊಂದು ವರ್ಷ ನಡೆಸಿದರು. ಹೋದ ವರ್ಷ ಮೇಷ್ಟ್ರು ದೇವರ ಪಾದ ಸೇರಿದ ಮೇಲೆ, ಅವರ ಶಿಷ್ಯನಾದ ಈ ಬೀಗದವನ ಕೈಗೆ ಅದರ ಉಸ್ತುವಾರಿ ಬಂತು. ಅಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. ಅಡ್ಡಹೆಸರೇ ಹೆಸರು.

“ನಾನು ಕಾಜಾ” ಎಂದಳು ಅವಳು.

ಹೊಲಿಗೆ ಅಂಗಡಿಯವಳು. ಗುಂಡಿ ತೂರಿಸುವ ಕಾಜವನ್ನು ಯಂತ್ರ ಮುಟ್ಟದೆ ಕೈಯಲ್ಲೇ ಹೊಲಿಯುವುದು ಅವಳ ಹೆಮ್ಮೆ, ಅಂಗಳದಲ್ಲಿ ಅದೇ ಅವಳ ಹೆಸರೂ ಆಗಿತ್ತು. ಬೀಗದವನು ಅವಳನ್ನೇ ನೋಡಿದ, ಬಟ್ಟೆ ಸುತ್ತಿದ ಅವಳ ಹೆಬ್ಬೆರಳನ್ನೂ ನೋಡಿದ. ಏನೋ ಹೇಳಲು ಹೊರಟು ಬಾಯಿ ಮುಚ್ಚಿಕೊಂಡ. ಆಮೇಲೆ ಗಡಿಬಿಡಿಯಿಂದ ಸ್ಟೂಲಿನ ಮೇಲಿನ ಹಿತ್ತಾಳೆ ಪುಡಿ ಒರೆಸಿದ.

“ಕೂತ್ಕೊಳ್ಳಿ.”

“ಕೂರೋಕೆ ಬಂದಿಲ್ಲ. ತಿಂಗಳ ಕೊನೆಯೊಳಗೆ ಮುನ್ನೂರು ಸದಸ್ಯರು ಖರ್ಚಿಗೆ ಕೈ ಜೋಡಿಸದಿದ್ರೆ ಅಂಗಳ ಮುಚ್ಚುತ್ತೆ ಅಂತ ಎರಡು ಸಾಲು ಬರೆದು ಹಾಕಿದ್ರಿ. ಆ ಎರಡು ಸಾಲಿಗೆ ಯಾರು ಕರಗ್ತಾರೆ? ಅದಕ್ಕೇ ನಾನು ಎಲ್ಲರಿಗೂ ಅಂತ ಒಂದು ಪತ್ರ ಬರೆದು ಕಳಿಸ್ದೆ. ಐದು ದಿನ ಆಯ್ತು. ಎಲ್ಲಿ ಅದು?”

“ಸರದೀಲಿದೆ.”

“ಯಾವ ಸರದಿ?”

“ಏಳು ದಿನದ್ದು.”

ಅವಳು ಚೀಲವನ್ನು ಮೇಜಿನ ಮೇಲೆ ಕುಕ್ಕಿದಳು.

ಅಂಗಳಕ್ಕೆ ಮೇಷ್ಟ್ರು ಹಾಕಿಕೊಟ್ಟ ನಿಯಮ ಎರಡೇ. ಬರೆದದ್ದು ಯಾವುದಾದರೂ ಸರಿ, ಏಳು ದಿನ ಆರಬೇಕು, ಆಮೇಲೆಯೇ ಹೊರಗೆ. ಆ ಏಳು ದಿನದೊಳಗೆ ಸರದಿಯ ಪ್ರಕಾರ ಒಬ್ಬ ಸದಸ್ಯರು ಅದನ್ನು ಓದಿ, ಹೆಸರು ಹೇಳದೆ, ಬರೆದವರಿಗೆ ಒಂದು ಕಾಗದ ಬರೆಯಬೇಕು. ಅದೇ ಮೊದಲ ಓದು. ಯಾರ ಬರಹವೂ ಓದುಗರಿಲ್ಲದೆ ಅನಾಥವಾಗಬಾರದು ಎಂಬುದು ಮೇಷ್ಟ್ರ ಆಸೆ.

“ರೀ, ಅದು ಕಥೆ ಅಲ್ಲ. ಅಂಗಳ ಉಳಿಸಿ ಅಂತ ಕೇಳೋ ಪತ್ರ. ಇನ್ನು ಎಂಟೇ ದಿನ ಇರೋದು. ಮುಳುಗೋ ದೋಣೀಲಿ ಟಿಕೆಟ್ ತಪಾಸಣೆ ಮಾಡ್ತೀರಲ್ಲ.”

“ಮೇಷ್ಟ್ರು ತಮ್ಮ ಬರಹಕ್ಕೂ ವಿನಾಯಿತಿ ಕೊಟ್ಟಿರಲಿಲ್ಲ.”

“ಮೇಷ್ಟ್ರಿಗೆ ಅಂಗಳ ಅಂದ್ರೆ ಜೀವ. ನಿಮಗೆ ಅದನ್ನ ಮುಚ್ಚಿದ್ರೇ ನೆಮ್ಮದಿ ಅನ್ಸುತ್ತೆ.”

ಅವನ ಮುಖ ಸಣ್ಣಗಾಯಿತು. ಒಂದು ಮಾತೂ ಆಡಲಿಲ್ಲ. ಅವಳು ದಡದಡ ಮೆಟ್ಟಿಲಿಳಿದು ಹೋದಳು. ಎರಡು ಬಸ್ಸು ಬದಲಿಸಿ ಮನೆ ಸೇರುವ ತನಕವೂ ಒಳಗೇ ಕುದಿಯುತ್ತಿದ್ದಳು.

ಕುದಿಯದೇ ಇರುತ್ತಾಳೆಯೇ... ಅಮ್ಮ ತೀರಿಕೊಂಡ ವರ್ಷ ಅವಳಿಗೆ ಮಾತೇ ನಿಂತುಹೋಗಿತ್ತು. ಒಂದು ದಿನ ಅಮ್ಮನ ಗುಂಡಿ ಡಬ್ಬಿಯ ಬಗ್ಗೆ ಒಂದು ಪುಟ ಬರೆದು, ಹೆದರುತ್ತಲೇ ಅಂಗಳಕ್ಕೆ ಕಳಿಸಿದಳು. ಮೂರನೇ ದಿನ ಕಾಗದ ಬಂತು. ‘ನಿಮ್ಮ ಅಮ್ಮನ ಬೆರಳುಗಳನ್ನು ನೋಡಿದೆ. ಡಬ್ಬಿಯ ತಳದಲ್ಲಿ ಉಳಿದ ಆ ಒಂಟಿ ಗುಂಡಿಯ ಬಗ್ಗೆ ಇನ್ನೂ ಬರೆಯಿರಿ.’

ಅಷ್ಟೇ. ಫೋನಿನಲ್ಲಿ ಆ ಕಾಗದ ಓದಿ ಅವಳು ಮನಸಾರೆ ಅತ್ತಳು, ಮಾರನೆಯ ದಿನ ಮಾತಾಡಿದಳು. ಅಲ್ಲಿಂದ ನಾಲ್ಕು ವರ್ಷ. ಅವಳ ಬರಹಕ್ಕೆ ಬರುವ ಕಾಗದಗಳ ದನಿ ಯಾವಾಗಲೂ ಅದೇ. ಮೊದಮೊದಲು ಮೇಷ್ಟ್ರೇ ಇರಬೇಕು ಎಂದುಕೊಂಡಿದ್ದಳು. ಅವರು ಹೋದ ಮೇಲೂ ಕಾಗದ ನಿಲ್ಲಲಿಲ್ಲ. ಯಾರೋ ಪುಣ್ಯಾತ್ಮರು ಎಂದು ಕೈಮುಗಿದು ಸುಮ್ಮನಾಗಿದ್ದಳು.

ಅಂಗಳ ಮುಚ್ಚಿದರೆ ಆ ದನಿಯೂ ಹೋದಂತೆಯೇ.

“ಏನೇ, ಹೋದ ಕೆಲಸ ಆಯ್ತಾ?” ಸೋದರತ್ತೆ ಹೊಲಿಗೆ ಯಂತ್ರದಿಂದ ತಲೆಯೆತ್ತದೆ ಕೇಳಿದರು. ಅಂಗಡಿ ಅವರದೇ, ಅಮ್ಮ ಹೋದ ಮೇಲೆ ಅವಳಿಗೆ ಆಸರೆಯಾದವರೂ ಅವರೇ.

“ಆ ಮನುಷ್ಯನ ಬಾಯಿಗೂ ಬೀಗ ಅತ್ತೆ. ಬೈದು ಬಂದೆ.”

“ನೋಡೋಕೆ ಹೇಗಿದಾನೆ?”

“ಅದ್ಯಾಕೆ ನಿಮಗೆ?”

“ಅಲ್ಲ, ಬೈಸಿಕೊಂಡು ಸುಮ್ಮನಿರೋ ಗಂಡಸು ಸಿಗೋದು ಅಪರೂಪ. ಅದಕ್ಕೇ ಕೇಳ್ದೆ.”

ಸಂಜೆ ಫೋನು ಸದ್ದು ಮಾಡಿತು. ಪತ್ರಕ್ಕೆ ಮೊದಲ ಓದು ಬಂದಿತ್ತು.

‘ನಿಮ್ಮ ಪತ್ರದಲ್ಲಿ ಕಣ್ಣೀರು ಆರು ಸಲ ಬಂದಿದೆ. ಒಂದು ಸಲವೂ ನನ್ನ ಕಣ್ಣು ಒದ್ದೆಯಾಗಲಿಲ್ಲ. ಸಾಹಿತ್ಯ ಸೇವೆ, ಭಾಷೆಯ ಉಳಿವು... ಇವೆಲ್ಲ ಬಾಡಿಗೆ ಬಟ್ಟೆ, ನಿಮ್ಮ ಅಳತೆಯದಲ್ಲ. ಅಂಗಳ ನಿಮಗೆ ಏನು ಕೊಟ್ಟಿತು? ಅದೊಂದನ್ನೇ ಹೇಳಿ. ಕೇಳುವುದು ಎಷ್ಟು ಕಷ್ಟ ಎಂದು ನನಗೂ ಗೊತ್ತು, ನನಗಂತೂ ಎರಡು ಸಾಲಿಗಿಂತ ಹೆಚ್ಚು ಕೇಳಲಾಗಲಿಲ್ಲ. ಹೆಬ್ಬೆರಳ ಗಾಯ ಒಣಗಿದ ಮೇಲೆ ನಿಧಾನವಾಗಿ ತಿದ್ದಿದರೂ ಸಾಕು. ಇನ್ನೂ ಎರಡು ದಿನವಿದೆ.’

ಅದೇ ಹಳೆಯ ದನಿ. ಆದರೂ ಓದುತ್ತ ಓದುತ್ತ ಸಿಟ್ಟು ಬಂತು. ಮತ್ತೆ ಓದಿದಳು. ನಿಜ ಅನ್ನಿಸಿತು. ಮೂರನೇ ಸಲ ಓದುವಾಗ...

ಹೆಬ್ಬೆರಳ ಗಾಯ?

ಹೆಬ್ಬೆರಳಿಗೆ ಸೂಜಿ ಹೊಕ್ಕಿದ್ದು ಈ ದಿನ ಬೆಳಿಗ್ಗೆ. ಬಟ್ಟೆ ಸುತ್ತಿಕೊಂಡೇ ಬಸ್ಸು ಹತ್ತಿದ್ದಳು. ಅವಳೇ ಕಾಜಾ ಎಂದು ಗೊತ್ತಿದ್ದವರಲ್ಲಿ ಅದನ್ನು ಕಂಡವರು ಇಬ್ಬರೇ. ಒಬ್ಬರು ಅತ್ತೆ. ಇನ್ನೊಬ್ಬ...

ಅವಳು ನಿಧಾನವಾಗಿ ಕುಳಿತಳು. ಎರಡು ಸಾಲಿಗೆ ಯಾರು ಕರಗ್ತಾರೆ ಎಂದು ಕೇಳಿದ್ದೆನಲ್ಲ. ಅದನ್ನು ಯಾರ ಮುಖಕ್ಕೆ ಹೇಳಿ ಬಂದೆ ನಾನು?

“ಯಾಕೆ ಹಾಗೆ ಕೂತೆ?” ಎಂದರು ಅತ್ತೆ.

“ಬೈದಿದ್ದು ಸ್ವಲ್ಪ ಜಾಸ್ತಿ ಆಯ್ತು ಅತ್ತೆ.”

ಮರುದಿನ ಪತ್ರವನ್ನು ಪೂರ್ತಿ ಬಿಚ್ಚಿ ಹೊಸದಾಗಿ ಹೊಲಿದಳು. ಗುಂಡಿ ಡಬ್ಬಿ, ನಿಂತುಹೋದ ಮಾತು, ಮೂರನೇ ದಿನ ಬಂದ ಕಾಗದ. ಕೊನೆಗೆ ಒಂದೇ ಮಾತು: ‘ನನಗೆ ಹೀಗೆ ಒಬ್ಬರು ಸಿಕ್ಕರು. ನಿಮಗೂ ಯಾರೋ ಸಿಕ್ಕಿರಬಹುದು. ಇನ್ನು ಬರುವವರಿಗೂ ಸಿಗಲಿ ಅನ್ನಿಸಿದರೆ, ತಿಂಗಳಿಗೆ ಕೈಲಾದಷ್ಟು ಕೊಡಿ. ಕೊಡಲಾಗದಿದ್ದರೆ ನಿಮ್ಮದೊಂದು ಗಂಟೆ ಕೊಡಿ.’

ಏಳನೇ ದಿನ ಬೆಳಿಗ್ಗೆ ಪತ್ರ ಹೊರಬಂತು. ಒಂದು ನಿಮಿಷ ಮೊದಲೂ ಇಲ್ಲ, ಆಮೇಲೂ ಇಲ್ಲ.

ಮಧ್ಯಾಹ್ನದವರೆಗೆ ಸದ್ದಿಲ್ಲ. ಅವಳು ಒಂದು ತೋಳನ್ನು ತಿರುಗುಮುರುಗು ಹೊಲಿದು ಮತ್ತೆ ಬಿಚ್ಚಿದಳು. ಆಮೇಲೆ ಒಬ್ಬ ಬಸ್ ಕಂಡಕ್ಟರ್ ಬರೆದ: ‘ನನ್ನ ಮೊದಲ ಕವಿತೆ ಟಿಕೆಟಿನ ಹಿಂದೆ ಬರೆದದ್ದು. ಅದನ್ನೂ ಓದಿದವರಿದ್ದರು. ನನ್ನನ್ನು ಸೇರಿಸಿಕೊಳ್ಳಿ.’ ಒಬ್ಬ ನರ್ಸಮ್ಮ, ದುಡ್ಡು ಈಗ ಕಷ್ಟ, ತಿಂಗಳಿಗೆ ನಾಲ್ಕು ಮೊದಲ ಓದು ನನ್ನದಿರಲಿ ಎಂದರು. ವರ್ಷಗಟ್ಟಲೆ ಒಂದಕ್ಷರ ಬರೆಯದೆ ಬರೀ ಓದಿಕೊಂಡಿದ್ದವರೆಲ್ಲ ಒಬ್ಬೊಬ್ಬರಾಗಿ ಎದ್ದು ಬಂದರು. ತಿಂಗಳು ಮುಗಿಯಲು ಒಂದು ದಿನವಿರುವಾಗ ಮುನ್ನೂರು ದಾಟಿತು. ದಾಟಿಸಿದ್ದು ಸೋದರತ್ತೆ.

“ಬರೆಯೋಕೆ ಬರದೇ ಇರೋರಿಗೂ ಜಾಗ ಇದೆ ತಾನೇ?” ಎಂದು ಕೇಳಿ, ಕನ್ನಡಕ ಹಾಕಿಕೊಂಡು, ತಾವೇ ಬಟನ್ ಒತ್ತಿದರು.

ಬೀಗದವನು ಅಂಗಳದಲ್ಲಿ ಬರೆದ. ‘ಬಾಗಿಲು ತೆರೆದಿರುತ್ತದೆ. ಎಲ್ಲರಿಗೂ ಶರಣು.’ ಮತ್ತೆ ಎರಡೇ ಸಾಲು.

ಕಾಜಾಳಿಗೆ ಮಾತ್ರ ಏನೂ ಬರಲಿಲ್ಲ. ಒಂದು ದಿನ ಕಾದಳು, ಎರಡು ದಿನ ಕಾದಳು. ಬೈದವಳಿಗೆ ಯಾರು ಬರೀತಾರೆ... ಎಂದು ತನಗೆ ತಾನೇ ಹೇಳಿಕೊಂಡಳು.

ಮೂರನೇ ದಿನ ಅವಳಿಗೆ ಮೊದಲ ಓದಿನ ಸರದಿ ಬಂತು. ಬರಹದ ತಲೆಬರಹ: ‘ಎರಡು ಬಸ್ಸು ಬದಲಿಸಿ ಬಂದವಳು’. ಬರೆದವರು: ಬೀಗದವನು.

ಹನ್ನೆರಡು ವರ್ಷದಲ್ಲಿ ಅವನು ಬರೆದ ಮೊದಲ ಕಥೆ.

ಕಥೆಯೊಳಗೆ ಒಬ್ಬನಿದ್ದ. ಊರವರ ಬೀಗಗಳನ್ನೆಲ್ಲ ತೆರೆಯಬಲ್ಲ, ತನ್ನ ಬಾಯಿ ತೆರೆಯಲಾರ. ಯಾರೋ ಒಬ್ಬಳ ಬರಹ ಓದುವುದಕ್ಕೆಂದೇ ಬೇಗ ಅಂಗಡಿ ಮುಚ್ಚುತ್ತಿದ್ದ. ಒಂದು ದಿನ ಅವಳೇ ಎದುರು ನಿಂತಳು. ಅವನು ಸ್ಟೂಲು ಒರೆಸಿದ... ಕಥೆ ಅಲ್ಲಿಗೇ ನಿಂತಿತ್ತು.

ಮರುದಿನ ಅವಳು ಮತ್ತೆ ಎರಡು ಬಸ್ಸು ಬದಲಿಸಿದಳು. ಈ ಸಲ ಬಸ್ಸುಗಳು ಬಹಳ ನಿಧಾನ ಅನ್ನಿಸಿತು.

ಅವಳನ್ನು ಕಂಡ ಕೂಡಲೇ ಅವನು ಯಂತ್ರ ನಿಲ್ಲಿಸಿದ. ಸ್ಟೂಲು ಆಗಲೇ ಚೊಕ್ಕಟವಾಗಿತ್ತು. ಅವಳು ಕುಳಿತು, ಚೀಲದಿಂದ ಅವನ ಕಥೆಯನ್ನು ನಕಲು ಮಾಡಿಕೊಂಡ ಹಾಳೆಗಳನ್ನು ತೆಗೆದಳು. ಅಂಚಿಗೆ ಕೆಂಪು ನೂಲಿನಲ್ಲಿ ಹೊಲಿಗೆ ಹಾಕಿ ತಂದಿದ್ದಳು.

“ಮೊದಲು ಇದನ್ನ ಹೇಳಿಬಿಡ್ತೀನಿ. ಅವತ್ತು ಆಡಿದ್ದು ತಪ್ಪಾಯ್ತು.”

“ಪರವಾಗಿಲ್ಲ. ನೀವು ಬೈಯದಿದ್ರೆ ಈ ಕಥೆ ಹುಟ್ತಿರಲಿಲ್ಲ.”

“ನಾಲ್ಕು ವರ್ಷ ನನ್ನದನ್ನೆಲ್ಲ ಓದಿದ್ದು ನೀವೇ. ಒಬ್ಬರದೇ ಬರಹ ಪ್ರತಿ ಸಲ ಒಬ್ಬರಿಗೇ ಹೇಗೆ ಬರುತ್ತೆ? ಸರದಿ ಅಂದ್ರೆ ಸರದಿ ಅಲ್ವಾ?”

ಅವನು ಅರದ ಹಿಡಿಯನ್ನು ಉಜ್ಜತೊಡಗಿದ. “ಆಗಲೂ ಸರದಿ ಪಟ್ಟಿ ಹಾಕ್ತಿದ್ದದ್ದು ನಾನೇ...”

“ಮುಳುಗೋ ದೋಣೀಲೂ ನಿಯಮ ಬಿಡದವರು.”

“ಅದೊಂದೇ ಮುರಿದದ್ದು. ಮೇಷ್ಟ್ರಿಗೂ ಗೊತ್ತಿತ್ತು. ನಕ್ಕು ಸುಮ್ಮನಾದ್ರು.”

ಅವಳಿಗೂ ನಗು ಬಂತು, ಅದನ್ನು ತಡೆದಳು. “ನನ್ನ ಓದು ಕೇಳಿ. ಕಥೆ ಚೆನ್ನಾಗಿದೆ. ಕೊನೆ ಸಾಲು ಇಲ್ಲ.”

“ಓದುಗರಿಗೆ ಬಿಟ್ಟೆ.”

“ಓದುವವಳು ಎದುರಿಗೇ ಕೂತಿದ್ದಾಳೆ. ಹೇಳಿ.”

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿಕೊಂಡು ಹೋದರು. ಗೋಡೆಯ ಕೀಲಿಗಳು ಗಾಳಿಗೆ ಒಂದಕ್ಕೊಂದು ತಾಗಿದವು. ಅವನು ಕನ್ನಡಕ ತೆಗೆದು ಮೇಜಿನ ಮೇಲಿಟ್ಟ.

“ನೀವಿಲ್ಲದೆ ಓದು ರುಚಿಸಲ್ಲ ಅಂತ ಗೊತ್ತಿತ್ತು. ನೀವು ಬಂದು ಹೋದ ಮೇಲೆ ಅಂಗಡೀನೂ ರುಚಿಸ್ತಿಲ್ಲ. ನನ್ನ ಜೊತೆ ಇರ್ತೀರಾ?... ಇದೇ ಕೊನೆ ಸಾಲು.”

ಅವಳ ಎದೆ ತುಂಬಿಬಂತು. ಆದರೂ ಹೊಲಿಗೆಯವಳು, ಗಂಟು ಹಾಕದೆ ನೂಲು ಕತ್ತರಿಸುವವಳಲ್ಲ.

“ಉತ್ತರ ಬರೆದು ಅಂಗಳಕ್ಕೆ ಹಾಕಿ ಬಂದಿದ್ದೀನಿ. ಏಳು ದಿನ ಆರಲಿ.”

“ಏಳು ದಿನಾನಾ?” ನಾಲ್ಕು ವರ್ಷ ಕಾದಿದ್ದವನ ದನಿಯಲ್ಲಿ ಮೊದಲ ಬಾರಿಗೆ ತಾಳ್ಮೆ ತಪ್ಪಿತ್ತು.

“ಮೇಷ್ಟ್ರ ನಿಯಮ.”

ಅವನು ತಲೆ ತಗ್ಗಿಸಿದ. ಆಮೇಲೆ ಏನೋ ಹೊಳೆದು, ಮೆಲ್ಲಗೆ ತಲೆಯೆತ್ತಿದ. “ಅದಕ್ಕೆ ಮೊದಲ ಓದು ಯಾರದ್ದು?”

“ಪಟ್ಟಿ ಹಾಕೋರು ನೀವು. ನನ್ನನ್ನ ಕೇಳ್ತೀರಲ್ಲ.”

ಕೈಯ ಹಿತ್ತಾಳೆ ಪುಡಿಯನ್ನು ಅಂಗಿಗೇ ಒರೆಸಿಕೊಂಡು ಅವನು ಫೋನು ತೆರೆದ. ಅವಳ ಬರಹ ಅಲ್ಲಿತ್ತು. ಒಂದೇ ಪುಟ್ಟ ಪ್ಯಾರಾ.

‘ಇಲ್ಲಿಗೆ ಬರಲು ಎರಡು ಬಸ್ಸು ಬದಲಿಸಬೇಕು. ದಿನಾ ಅಂದರೆ ಬೇಜಾರು. ಒಂದೇ ಮನೆಯಲ್ಲಿದ್ದರೆ ಆ ತೊಂದರೆ ಇರುವುದಿಲ್ಲ. ಅತ್ತೆಯನ್ನು ಕೇಳಿದ್ದೇನೆ. ಬೈಸಿಕೊಂಡು ಸುಮ್ಮನಿರುವವನಾದರೆ ಆಗಬಹುದು ಎಂದಿದ್ದಾರೆ.’

ಅವನು ಓದಿದ. ಮತ್ತೆ ಓದಿದ. ಆರು ಸಲ ಕಣ್ಣೀರೆಂದು ಬರೆದರೂ ಒದ್ದೆಯಾಗದ ಕಣ್ಣು ಈಗ ಒದ್ದೆಯಾಗಿತ್ತು.

“ಏನಾದ್ರೂ ತಿದ್ದೋದಿದೆಯಾ?” ಅವಳು ಕೇಳಿದಳು.

“ಇಲ್ಲ” ಎಂದ. “ಒಂದಕ್ಷರವೂ ಇಲ್ಲ.”